ಪಾದದ ನೋವಿಗೆ ಮೆದುಳಿಗೇಕೆ ನಿದ್ರೆ?

ನಮಗೆ ಪರಿಚಿತರಾದ ಹಿರಿಯರೊಬ್ಬರ ಕಾಲ್ಬೆರಳು ಮಧುಮೇಹದಿಂದ ಕೊಳೆಯತೊಡಗಿತ್ತು. ಅದನ್ನು ತೆಗೆಯಬೇಕೆಂದು ವೈದ್ಯರು ತಿಳಿಸಿದರು. ಹಿರಿಯರ ಹೃದಯ ದುರ್ಬಲವಾಗಿದ್ದುದರಿಂದ, ಪ್ರಜ್ಞೆ ತಪ್ಪಿಸಿದರೆ ಮತ್ತೆ ಎಚ್ಚರಗೊಳ್ಳುವರೋ ಇಲ್ಲವೋ ಎಂದು ಹೆದರಿ ಮನೆಯವರು ದಿನ ದೂಡಿದರು. ಬೆರಳಿನಲ್ಲಿ ಮುಗಿಯಬೇಕಾಗಿದ್ದ ರೋಗ ಪಾದವನ್ನೇ ಕೊಂಡೊಯ್ದಿತು. ಅರಿವಳಿಕೆಯೆಂದರೆ ನಿದ್ರೆಯೇ ಎಂಬ ತಪ್ಪು ತಿಳಿವಳಿಕೆಗೆ ತೆತ್ತ ಬೆಲೆಯಿದು.

ನೋವು ಹುಟ್ಟುವುದು ಪಾದದಲ್ಲಿ. ಅದರ ಅರಿವಾಗುವುದು ಮೆದುಳಿನಲ್ಲಿ. ನಡುವಣ ದಾರಿಯನ್ನು ತಡೆದರೆ ಸಾಲದೆ? ಪಾದದ ಸಂವೇದನೆಯನ್ನು ಹೊತ್ತೊಯ್ಯುವ ನರಗಳು ಐದು. ಅವುಗಳಲ್ಲಿ ನಾಲ್ಕು ಸಯಾಟಿಕ್ ನರದ ಕವಲುಗಳು. ಐದನೆಯದು ತೊಡೆಯ ಫೀಮೊರಲ್ ನರದ ಕವಲು. ಪಾದದ ಕೀಲಿನ ಸುತ್ತ ಇವುಗಳ ಬಳಿ ಲಿಗ್ನೊಕೇನಿನಂಥ ಔಷಧಿಯನ್ನು ಚುಚ್ಚಿದರೆ, ನರದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳನುಗ್ಗುವ ದ್ವಾರಗಳು ಮುಚ್ಚುತ್ತವೆ. ನರದ ವಿದ್ಯುತ್ ಸಂಕೇತವು ಈ ಅಯಾನುಗಳ ಪ್ರವಾಹದಿಂದಲೇ ಸಾಗುವುದರಿಂದ, ಪ್ರವಾಹ ನಿಂತಲ್ಲಿ ನೋವಿನ ಸುದ್ದಿಯೂ ನಿಲ್ಲುತ್ತದೆ. ಔಷಧಿಯ ಪ್ರಭಾವ ಇಳಿದಂತೆ ಸಂವೇದನೆ ಮರಳುತ್ತದೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲರ್ ಕೊಕೇನಿನಿಂದ ಕಣ್ಣನ್ನು ಮಾತ್ರ ಮರಗಟ್ಟಿಸಿದಂದಿನಿಂದ ಬೆಳೆದುಬಂದ ವಿದ್ಯೆಯಿದು.

ಚರ್ಮದಡಿಯ ನರವನ್ನು ಕಾಣುವುದೆಂತು? ಇಲ್ಲಿ ಭೌತಶಾಸ್ತ್ರ ನೆರವಿಗೆ ಬರುತ್ತದೆ. ಸೆಕೆಂಡಿಗೆ 1 ಕೋಟಿ ಬಾರಿ ಕಂಪಿಸುವ ಶ್ರವಣಾತೀತ ಧ್ವನಿಯು ದೇಹದ ಮೃದು ಅಂಗಾಂಶದಲ್ಲಿ ಸೆಕೆಂಡಿಗೆ ಸುಮಾರು 1540 ಮೀಟರ್ ಸಾಗುತ್ತದೆ. ಭಾಗಿಸಿ ನೋಡಿರಿ: ತರಂಗಾಂತರ ಸುಮಾರು 0.15 ಮಿಲಿಮೀಟರು! ಇಷ್ಟು ಕಿರಿದಾದ ಅಲೆಗಳ ಪ್ರತಿಧ್ವನಿಯಿಂದ ನರವೂ ಸೂಜಿಯೂ ಪರದೆಯ ಮೇಲೆ ಗೋಚರವಾಗುತ್ತವೆ.

ಈ ವಿಧಾನ ಎಲ್ಲರಿಗೂ ಸಲ್ಲುವುದೆಂದು ನಾವು ಹೇಳೆವು. ಔಷಧಿ ರಕ್ತನಾಳವನ್ನು ಹೊಕ್ಕರೆ ಹೃದಯಕ್ಕೂ ಮೆದುಳಿಗೂ ಅಪಾಯ. ಅಪರೂಪವಾಗಿ ನರಕ್ಕೆ ಗಾಯವಾಗುವುದೂ ಉಂಟು. ಮರಗಟ್ಟಿದ ಕಾಲಿಗೆ ಬಿಸಿನೀರಿನ ಸುಡುವಿಕೆಯೂ ತಿಳಿಯದು. ಅದನ್ನು ಊರಿ ನಡೆದರೆ ಬೀಳುವ ಭಯವಿದೆ. ಯಾರಿಗೆ ಯಾವುದು ತಕ್ಕುದೆಂದು ನಿರ್ಧರಿಸಬೇಕಾದವರು ಅರಿವಳಿಕೆ ತಜ್ಞರು. ಆದರೆ ಅವರನ್ನು ಕೇಳಿ ತಿಳಿಯಬೇಕಾದವರು ನಾವು.

ಶ್ರವಣಾತೀತ ಧ್ವನಿಯ ಪಾಠವನ್ನು ಪರೀಕ್ಷೆಗೆಂದು ಉರುಹೊಡೆದು ಮರೆಯುವುದು ವಿದ್ಯೆಯಲ್ಲ. "ಪಾದವನ್ನಷ್ಟೇ ಮರಗಟ್ಟಿಸಲು ಸಾಧ್ಯವೆ?" ಎಂದು ಸಕಾಲದಲ್ಲಿ ಕೇಳಬಲ್ಲವರು ಆ ಮನೆಯಲ್ಲಿ ಒಬ್ಬರಿದ್ದಿದ್ದರೆ ಆ ಹಿರಿಯರ ಪಾದ ಉಳಿಯುತ್ತಿತ್ತೇನೋ. ವಿದ್ಯಾರ್ಥಿಮಿತ್ರರೆ, ನಿಮ್ಮ ಮನೆಯಲ್ಲಿ ಆ ಒಬ್ಬರು ನೀವಾಗಬೇಕು.