ಬರೆಸಿಕೊಟ್ಟ ಮನೋಧರ್ಮ

ಕಳೆದ ತಿಂಗಳಿಡೀ ನಮ್ಮ ಬೀದಿಯ ಎರಡು ಮನೆಗಳಿಂದ ಮೋಹನದ ಸ್ವರಕಲ್ಪನೆ ಕೇಳಿಬರುತ್ತಿತ್ತು. ಇಬ್ಬರೂ ಹೈಸ್ಕೂಲು ಹುಡುಗಿಯರು, ಸೀನಿಯರ್ ಪರೀಕ್ಷೆಗೆ ಕಟ್ಟಿದವರು. ಮೂರನೆಯ ದಿನಕ್ಕೆ ಗೊತ್ತಾಯಿತು, ಇಬ್ಬರ ಸ್ವರಗಳೂ ಒಂದೇ. ಅದೇ ಆರಂಭ, ಅದೇ ಎರಡನೆಯ ಆವರ್ತ, ಅದೇ ಮುಕ್ತಾಯ. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆಸಿದ್ದರು, ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ಒಬ್ಬಳನ್ನು ಕರೆದು, "ಪಲ್ಲವಿ ಬಿಡು, ಚರಣದ ಸಾಲಿಗೆ ಒಂದು ಆವರ್ತ ಸ್ವರ ಹಾಕಮ್ಮ" ಅಂದೆ. "ಅದನ್ನ ಬರೆಸಿಲ್ಲ ಅಂಕಲ್" ಅಂದಳು. ಕಂಠ ಚೆನ್ನಾಗಿದೆ, ಶ್ರುತಿ ಶುದ್ಧವಾಗಿದೆ. ತಪ್ಪು ಆ ಮಗುವಿನದಲ್ಲ.

ಇಂಥದ್ದನ್ನೇ ಹಿಡಿದುಕೊಂಡು ಸಹೋದರ ಪತ್ರಿಕೆಯೊಂದು ಎರಡು ಸಂಚಿಕೆಗಳಿಂದ ಸಂಗೀತ ಪರೀಕ್ಷೆಗಳನ್ನೇ ರದ್ದು ಮಾಡಿ, ಗುರುಕುಲಕ್ಕೆ ಮರಳಿ ಎಂದು ಬರೆಯುತ್ತಿದೆ. ಸಾಕ್ಷಿಗೆ ಗಂಗೂಬಾಯಿ ಹಾನಗಲ್ ಅವರ ಹೆಸರನ್ನೂ ಎಳೆದು ತಂದಿದೆ. ಆ ತಾಯಿ ಗುರುವಿನ ಮನೆಯಲ್ಲಿ ಉಳಿದು ಕಲಿತವರಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲೇ ಮನೆಗೆ ಬಂದವರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಎದುರು ಹಾಡಿದ ಆ ಬಾಲಕಿಗೆ, ಜಾತಿಯ ಕಾರಣಕ್ಕೆ ಊಟದ ಎಲೆ ಎತ್ತಲು ಹೇಳಿಬಿಟ್ಟಾರು ಎಂಬ ಅಂಜಿಕೆ ಇತ್ತು. ಯಾರ ಮನೆಯ ಬಾಗಿಲು ಯಾರಿಗೆ ತೆರೆಯುತ್ತಿತ್ತು ಎಂಬುದನ್ನು ಮರೆತು ಗುರುಕುಲದ ಮಾತಾಡುವುದು ಸುಲಭ.

ಬಾಗಿಲು ತೆರೆದದ್ದು ಶಾಲೆ. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಾಗ, ಮನೆತನಗಳ ಕಟ್ಟಿನೊಳಗಿದ್ದ ವಿದ್ಯೆ ತರಗತಿಗೆ ಬಂತು, ಅಚ್ಚಾದ ಪುಸ್ತಕಕ್ಕೆ ಬಂತು. ಅವರ ಹೆಸರಿನ ಪರಂಪರೆಯಲ್ಲಿ 1931ರಲ್ಲಿ ಹುಟ್ಟಿದ ಗಾಂಧರ್ವ ಮಂಡಲದ ಪರೀಕ್ಷೆಗಳಿಗೆ ಧಾರವಾಡ, ಹುಬ್ಬಳ್ಳಿ ಕಡೆಯ ಮಕ್ಕಳು ಇಂದಿಗೂ ಕೂರುತ್ತಾರೆ. ದಕ್ಷಿಣದಲ್ಲಿ ಜೂನಿಯರ್, ಸೀನಿಯರ್, ವಿದ್ವತ್. ಸಂಗೀತದ ಮನೆತನವಿಲ್ಲದ ಹೆಣ್ಣುಮಗಳೊಬ್ಬಳು ಆ ಪ್ರಮಾಣಪತ್ರ ಹಿಡಿದು ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕಿಯಾಗುವುದು ಸಣ್ಣ ಮಾತಲ್ಲ. ಪರೀಕ್ಷೆ ಉಳಿಯಲೇಬೇಕು.

ಕೆಟ್ಟಿರುವುದು ತಯಾರಿ. ಪಟ್ಟಿಯಲ್ಲಿರುವಷ್ಟೇ ಕೃತಿ ಕಲಿಸುವುದು, ಮೊಬೈಲಿನಲ್ಲಿ ಹಿಡಿದುಕೊಟ್ಟು ಅದರ ಹಿಂದೆ ಹಾಡಿಸುವುದು, ಶಾಸ್ತ್ರಕ್ಕೆ ಗೈಡು. ಮಾಯಾಮಾಳವಗೌಳ 15ನೆಯ ಮೇಳ ಎಂದು ಕಟಪಯಾದಿಯಿಂದ ಎಣಿಸಿ ಹೇಳುವ ಹುಡುಗನಿಗೆ ಅದರ ಶುದ್ಧ ಋಷಭವನ್ನು ತಂಬೂರಿಯ ಮೇಲೆ ನಿಲ್ಲಿಸಿ ಹಾಡಲು ಬಾರದು. ಸರಳೆ, ಜಂಟಿಗಳನ್ನು ಪುರಂದರದಾಸರು ಹಾಕಿಕೊಟ್ಟರು ಎಂದು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಹಾಡಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ, ಅಕಾರದಲ್ಲಿ ದಿನಾ ಹಾಡಲಿ. ಅದೇ ಅಲಂಕಾರಗಳನ್ನು ಮೋಹನಕ್ಕೆ, ಕಲ್ಯಾಣಿಗೆ ತಿರುಗಿಸಲಿ. ಆಮೇಲೆ ಕಾಲು ಆವರ್ತ, ಅರ್ಧ ಆವರ್ತ ತಾನೇ ಹೆಣೆದು ಎತ್ತುಗಡೆಗೆ ಸರಿಯಾಗಿ ಬಂದು ಸೇರಲಿ. ಹತ್ತು ಸಲ ತಪ್ಪುತ್ತದೆ. ತಪ್ಪಲು ಬಿಡದ ಮೇಷ್ಟ್ರು ಸ್ವರ ಬರೆಸುತ್ತಾರೆ. ಬರೆಸಿದ ಮೇಲೆ ಅದು ಕಲ್ಪನೆಯಲ್ಲ, ಮನೋಧರ್ಮವೂ ಅಲ್ಲ.

ಪರೀಕ್ಷಕರ ಹೊಣೆಯೂ ಇದೆ. ನಾನು ಜೂನಿಯರ್ ಕಟ್ಟಿದಾಗ ತಾಲ್ಲೂಕು ಊರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು ಶಾಲೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದೆ. ವರ್ಣವನ್ನು ಎರಡು ಕಾಲದಲ್ಲಿ ಹಾಡುವುದನ್ನು ಎರಡು ವರ್ಷ ಸಾಧಕ ಮಾಡಿದ್ದೆ. ಮೊದಲ ಕಾಲದ ಪಲ್ಲವಿ ಮುಗಿಯುತ್ತಲೇ "ಸಾಕು, ಮುಂದಿನವರು" ಅಂದರು. ಅಂಕ ಬಂತು. ಎರಡನೆಯ ಕಾಲವನ್ನು ಯಾರೂ ಕೇಳಲಿಲ್ಲ ಎಂಬ ನೋವು ಇಂದಿಗೂ ಹೋಗಿಲ್ಲ. ಕೇಳದಿದ್ದರೆ ಮಕ್ಕಳು ಕಲಿಯುವುದೂ ಇಲ್ಲ. ಏನು ಕೇಳುತ್ತಾರೋ ಅಷ್ಟಕ್ಕೇ ಮೇಷ್ಟ್ರು ತಯಾರು ಮಾಡುತ್ತಾರೆ.



ಈ ಸಲ ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕರಾಗಿ ಕೂರುವ ವಿದ್ವಾಂಸರಲ್ಲಿ, ವಿದುಷಿಯರಲ್ಲಿ ಒಂದು ಬಿನ್ನಹ. ಮಗು ಒಪ್ಪಿಸಿದ ಸ್ವರ ಮುಗಿದ ಮೇಲೆ, ಬೇರೆ ಸಾಲು ಕೊಟ್ಟು, ಅಲ್ಲಿಂದ ಒಂದೇ ಒಂದು ಆವರ್ತ ಹಾಡಿಸಿ. ತಪ್ಪಿದರೆ ಅಂಕ ಕಡಿಯಬೇಡಿ, ಇನ್ನೊಮ್ಮೆ ಹಾಡಿಸಿ. ಮುಂದಿನ ವರ್ಷ ಯಾವ ಮೇಷ್ಟ್ರೂ ನೋಟ್‌ಬುಕ್ಕಿನಲ್ಲಿ ಸ್ವರ ಬರೆಸುವುದಿಲ್ಲ.