ಹಳ್ಳಿಗೆ ಮುಪ್ಪು ಬಂದಿದೆ, ಆಸ್ಪತ್ರೆಯ ಲೆಕ್ಕ ಹಳೆಯದೇ

ಪ್ರತಿ ವಾರ ಇಲ್ಲಿ ಯಾವುದಾದರೊಂದು ಕಾಯಿಲೆಯ ಬಗ್ಗೆ ಓದುತ್ತೀರಿ. ಈ ವಾರ ಕಾಯಿಲೆಗಿಂತ ಮೊದಲು ಊರಿನ ಬಗ್ಗೆ ಮಾತಾಡೋಣ. ನಿಮ್ಮ ಹಳ್ಳಿಯಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಹತ್ತು ಮನೆಗಳನ್ನು ಮನಸ್ಸಿನಲ್ಲೇ ಎಣಿಸಿ. ಎಷ್ಟು ಮನೆಗಳಲ್ಲಿ ಇಪ್ಪತ್ತೈದು, ಮೂವತ್ತು ವಯಸ್ಸಿನವರು ವರ್ಷವಿಡೀ ಇರುತ್ತಾರೆ? ಎಷ್ಟರಲ್ಲಿ ಅಪ್ಪ, ಅಮ್ಮ ಇಬ್ಬರೇ? ಎಷ್ಟರಲ್ಲಿ ಅಮ್ಮ ಒಬ್ಬರೇ?

ಈ ಲೆಕ್ಕಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ತಾಲ್ಲೂಕು ಊರಿನಲ್ಲಿ ಕುಳಿತು ಸುತ್ತಲಿನ ಹಳ್ಳಿಗಳ ರೋಗಿಗಳನ್ನು ನೋಡುವ ನನ್ನಂಥ ಸಾಮಾನ್ಯ ವೈದ್ಯನಿಗೆ ಈಗ ರಕ್ತದೊತ್ತಡದ ಅಂಕಿಯಷ್ಟೇ ಮುಖ್ಯವಾದ ಇನ್ನೊಂದು ವಿವರ ಬೇಕಾಗುತ್ತದೆ: ಮನೆಯಲ್ಲಿ ಜೊತೆಗೆ ಯಾರಿದ್ದಾರೆ?

ಗಣತಿ ಹೇಳುವುದೇನು?

ಹಳ್ಳಿಗಳು ಖಾಲಿಯಾಗುತ್ತಿವೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ದೇಶದ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. 2011ರ ಜನಗಣತಿಯಂತೆ ಭಾರತದ 121 ಕೋಟಿ ಜನರಲ್ಲಿ 83 ಕೋಟಿ ಮಂದಿ ಹಳ್ಳಿಗಳಲ್ಲೇ ಇದ್ದರು. 1991ರಲ್ಲಿ ಇಡೀ ದೇಶದ ಜನಸಂಖ್ಯೆಯೇ ಹೆಚ್ಚುಕಡಿಮೆ ಅಷ್ಟಿತ್ತು.

ಬದಲಾಗಿರುವುದು ಬೆಳವಣಿಗೆಯ ವೇಗ. 1991ರಿಂದ 2001ರವರೆಗೆ ಶೇಕಡಾ 18ರಷ್ಟು ಬೆಳೆದ ಗ್ರಾಮೀಣ ಜನಸಂಖ್ಯೆ ಮುಂದಿನ ಹತ್ತು ವರ್ಷಗಳಲ್ಲಿ ಶೇಕಡಾ 12ರಷ್ಟು ಮಾತ್ರ ಬೆಳೆಯಿತು. ಅದೇ ಅವಧಿಯಲ್ಲಿ ನಗರಗಳ ಜನಸಂಖ್ಯೆ ಶೇಕಡಾ 32ರಷ್ಟು ಏರಿತು. ಸ್ವಾತಂತ್ರ್ಯ ಬಂದ ಮೇಲೆ ಮೊದಲ ಬಾರಿಗೆ, ಹಳ್ಳಿಗಳಲ್ಲಿ ಹೆಚ್ಚಾದ ಜನರಿಗಿಂತ ನಗರಗಳಲ್ಲಿ ಹೆಚ್ಚಾದ ಜನರೇ ಅಧಿಕವಾದರು.

ನಮ್ಮ ರಾಜ್ಯದಲ್ಲಿ 2001ರಲ್ಲಿ ನೂರಕ್ಕೆ 34 ಮಂದಿ ನಗರವಾಸಿಗಳಾಗಿದ್ದರೆ 2011ರಲ್ಲಿ ಹೆಚ್ಚುಕಡಿಮೆ 39 ಮಂದಿ. ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹಿಗ್ಗಿತು. ಅದೇ ಹತ್ತು ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಹೆಚ್ಚುವ ಬದಲು ಒಂದಿಷ್ಟು ಇಳಿಯಿತು. ಕೊಡಗಿನಲ್ಲಿ ಏರಿಕೆ ಶೇಕಡಾ ಒಂದರಷ್ಟು ಮಾತ್ರ. 2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್ ಕಾರಣದಿಂದ ಮುಂದಕ್ಕೆ ಹೋದದ್ದರಿಂದ ಹೋಲಿಕೆಗೆ ನಾನು 2011ರ ಅಂಕಿಗಳನ್ನೇ ಹಿಡಿದಿದ್ದೇನೆ.

ಇದಕ್ಕೆಲ್ಲ ಊರು ಬಿಟ್ಟವರೇ ಕಾರಣ ಎನ್ನುವಂತಿಲ್ಲ. ಕೆಲವು ದೊಡ್ಡ ಹಳ್ಳಿಗಳು ತಾವೇ ಪಟ್ಟಣಗಳಾಗಿವೆ. ಐದು ಸಾವಿರಕ್ಕೆ ಕಡಿಮೆಯಿಲ್ಲದ ಜನ, ಬೇಸಾಯ ಬಿಟ್ಟು ಬೇರೆ ಕಸುಬು ಹಿಡಿದ ಬಹುಪಾಲು ಗಂಡಸರು, ಒತ್ತೊತ್ತಾದ ವಸತಿ, ಇಷ್ಟಿದ್ದರೆ ಗಣತಿಯವರು ಅದನ್ನು ಪಟ್ಟಣವೆಂದೇ ಲೆಕ್ಕ ಹಾಕುತ್ತಾರೆ. ಇನ್ನೊಂದು ಕಾರಣ ಹೆರಿಗೆಗಳು ಕಡಿಮೆಯಾಗಿರುವುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲೂ ಒಬ್ಬ ಮಹಿಳೆಗೆ ಸರಾಸರಿ ಎರಡೇ ಮಕ್ಕಳು. ಆ ಇಬ್ಬರೂ ಓದಿ, ಕೆಲಸ ಹುಡುಕಿ ಹೊರಟರೆ ಮನೆಯಲ್ಲಿ ಉಳಿಯುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಸ್ವಾತಂತ್ರ್ಯದ ಹೊತ್ತಿಗೆ ನಮ್ಮವರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಇದು ಸಂತೋಷದ ಸಂಗತಿಯೇ. ಆದರೆ 2011ರಲ್ಲಿ ಅರವತ್ತು ದಾಟಿದ್ದ 10.4 ಕೋಟಿ ಜನರಲ್ಲಿ 7.3 ಕೋಟಿ ಮಂದಿ ಇದ್ದುದು ಹಳ್ಳಿಗಳಲ್ಲಿ. ವೈದ್ಯರು, ಪ್ರಯೋಗಾಲಯಗಳು, ಔಷಧಿ ಅಂಗಡಿಗಳು ಗುಂಪಾಗಿರುವುದು ನಗರಗಳಲ್ಲಿ. ಹಳ್ಳಿ ಖಾಲಿಯಾಗುವ ಮೊದಲೇ ಮುದಿಯಾಗುತ್ತಿದೆ, ಮುಪ್ಪಿನ ಚಿಕಿತ್ಸೆ ಮಾತ್ರ ಅಲ್ಲಿಲ್ಲ. ನಾನು ಹೇಳಬೇಕೆಂದಿರುವ ವಿಷಯ ಇದೇ.

ಒಂಟಿತನವೂ ಕಾಯಿಲೆ ತರುತ್ತದೆ

ಒಬ್ಬರಿಗಾಗಿ ಒಲೆ ಹೊತ್ತಿಸುವುದು ಯಾರಿಗೂ ಬೇಸರವೇ. ಬೆಳಿಗ್ಗೆ ಮಾಡಿದ ಅನ್ನಕ್ಕೆ ರಾತ್ರಿ ಮಜ್ಜಿಗೆ, ಉಪ್ಪಿನಕಾಯಿ ಹಾಕಿಕೊಂಡರೆ ಊಟ ಮುಗಿಯಿತು. ಬೇಳೆ, ಕಾಳು, ಸೊಪ್ಪು, ಮೊಟ್ಟೆ ತಟ್ಟೆಯಿಂದ ದೂರವಾಗುತ್ತವೆ. ಸ್ನಾಯುಗಳು ಸೊರಗಿ ಕಾಲಿನ ಬಲ ಕುಗ್ಗುತ್ತದೆ. ಉಪ್ಪಿನಕಾಯಿಯ ಉಪ್ಪು ರಕ್ತದೊತ್ತಡವನ್ನು ಏರಿಸುತ್ತದೆ.

ಇದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್‌ನಂಥ ಮಾತ್ರೆಗಳು ಊಟ ಮಾಡಿದರೂ ಬಿಟ್ಟರೂ ಸಕ್ಕರೆಯನ್ನು ಇಳಿಸುತ್ತವೆ. ಮಾತ್ರೆ ನುಂಗಿ, ಹಸಿವಿಲ್ಲವೆಂದು ಊಟ ಬಿಟ್ಟ ಅಜ್ಜಿಗೆ ಬೆವರು, ನಡುಕ, ಮಂಕು ಕವಿದು ಎಚ್ಚರ ತಪ್ಪಬಹುದು. ಎಚ್ಚರವಿದ್ದಾಗಲೇ ಒಂದು ಲೋಟ ಸಕ್ಕರೆ ನೀರು ಕುಡಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಕುಡಿಸಲು ಪಕ್ಕದಲ್ಲಿ ಯಾರಾದರೂ ಇರಬೇಕಷ್ಟೆ.

ಮಂಡಿ ನೋವಿನ ಮಾತ್ರೆಯ ಕತೆ ಬೇರೆ. ಡೈಕ್ಲೋಫೆನಾಕ್‌ನಂಥ ಮಾತ್ರೆಯನ್ನು ಅಂಗಡಿಯಿಂದ ತರಿಸಿ ತಿಂಗಳುಗಟ್ಟಲೆ ನುಂಗುವ ಹಿರಿಯರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ನೋವು ತಗ್ಗುತ್ತದೆ, ನಿಜ. ಜೊತೆಗೆ ರಕ್ತದೊತ್ತಡ ಏರುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಸೋಲುತ್ತದೆ. ಕಾಲು ಊದಿಕೊಂಡ ಮೇಲೆ ನಮ್ಮ ಬಳಿ ಬರುತ್ತಾರೆ.

ಇನ್ನು ಬೀಳುವುದು. ರಾತ್ರಿ ಬಚ್ಚಲಿಗೆ ಹೋಗಲು ಹಿತ್ತಲಿಗೇ ಇಳಿಯಬೇಕಾದ ಮನೆಗಳು ಇಂದಿಗೂ ಇವೆ. ಕಣ್ಣಿನಲ್ಲಿ ಪೊರೆ, ಅಂಗಳದಲ್ಲಿ ಪಾಚಿ, ದೀಪವಿಲ್ಲ. ಜಾರಿ ಬಿದ್ದು ಸೊಂಟದ ಬಳಿ ತೊಡೆಯ ಮೂಳೆ ಮುರಿದರೆ ಹಾಸಿಗೆ ಹಿಡಿದಂತೆಯೇ. ಅಲ್ಲಿಂದ ಮುಂದೆ ಬೆನ್ನಿನ ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳಗಳಲ್ಲಿ ಹೆಪ್ಪು, ಒಂದರ ಹಿಂದೆ ಒಂದು ಬರುತ್ತವೆ.

ಪಾರ್ಶ್ವವಾಯುವಿನ ಮಾತೂ ಹಾಗೆಯೇ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಾತ್ರಿ ಕೈ ಸೋತವರನ್ನು ಬೆಳಿಗ್ಗೆ ಹಾಲಿನವನು ಬಂದು ನೋಡಿದರೆ ಆ ಗಡುವು ಮುಗಿದಿರುತ್ತದೆ. ಔಷಧಿ ಇದ್ದೂ ಇಲ್ಲದಂತೆ.

ಇವೆಲ್ಲ ಕಣ್ಣಿಗೆ ಕಾಣುವ ಕಾಯಿಲೆಗಳು. ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಮೈಯೆಲ್ಲ ನೋವು ಎಂದು ಹೇಳಿಕೊಂಡು ಬರುವ ಎಷ್ಟೋ ಹಿರಿಯರಿಗೆ ಇರುವುದು ಖಿನ್ನತೆ. "ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ" ಎಂದು ಮುಪ್ಪಿನ ಬಗ್ಗೆ ನಮ್ಮಲ್ಲೊಂದು ಗಾದೆ ಇದೆ. ಈಗ ಕೆಲವು ಬೀದಿಗಳಲ್ಲಿ ಹೋಗು ಎನ್ನುವುದಕ್ಕೂ ಜನ ಕಾಣುವುದಿಲ್ಲ.

ತಲೆ ಎಣಿಸಿದರೆ ಸಾಲದು

ನಮ್ಮ ಗ್ರಾಮೀಣ ಆರೋಗ್ಯ ವ್ಯವಸ್ಥೆ ಕಟ್ಟಿದ್ದು ಬೇರೊಂದು ಕಾಲದ ಹಳ್ಳಿಗಾಗಿ. ಅಂದಿನ ಹಳ್ಳಿಯಲ್ಲಿ ಮನೆ ತುಂಬ ಮಕ್ಕಳು, ವರ್ಷಕ್ಕೊಂದು ಬಾಣಂತನ. 1952ರಲ್ಲಿ ಕುಟುಂಬ ಯೋಜನೆ ಶುರುವಾಯಿತು. ಆಮೇಲೆ ಲಸಿಕೆ, ಅಂಗನವಾಡಿ, 2005ರಿಂದ ಆಶಾ ಕಾರ್ಯಕರ್ತೆಯರು ಬಂದರು. ಇದರ ಫಲ ಸಣ್ಣದಲ್ಲ. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28ಕ್ಕೆ ಇಳಿದಿತ್ತು. ಈ ಕೆಲಸ ಒಂದಿಷ್ಟೂ ಸಡಿಲವಾಗಬಾರದು.

ಆದರೆ ಬಯಲು ಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ನಿಯಮ ತಲೆಗಳನ್ನು ಎಣಿಸುತ್ತದೆ, ವಯಸ್ಸನ್ನು ಎಣಿಸುವುದಿಲ್ಲ. ಗುಡ್ಡಗಾಡಿಗೆ 3,000 ಮತ್ತು 20,000 ಎಂಬ ರಿಯಾಯಿತಿ ಇದೆ, ಅದೂ ತಲೆ ಲೆಕ್ಕವೇ. ಮುನ್ನೂರು ಎಳೆಯರು ಊರು ಬಿಟ್ಟರೆ ಆ ಊರಿನ ಜನಸಂಖ್ಯೆ ಇಳಿಯುತ್ತದೆ, ಚಿಕಿತ್ಸೆಯ ಅಗತ್ಯ ಇಳಿಯುವುದಿಲ್ಲ. ಉಳಿದವರಿಗೆ ಪ್ರತಿ ತಿಂಗಳೂ ಮಾತ್ರೆ ಬೇಕು. ಜನ ಕಡಿಮೆಯೆಂದು ಬಸ್ಸು ನಿಂತರೆ ತೊಂದರೆ ಇಮ್ಮಡಿಯಾಗುತ್ತದೆ.

ಸರ್ಕಾರಕ್ಕೆ ಇದು ತಿಳಿಯದ ವಿಷಯವಲ್ಲ. ಹಿರಿಯರ ಆರೋಗ್ಯಕ್ಕಾಗಿಯೇ ಕೇಂದ್ರ ಸರ್ಕಾರ 2010-11ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರಿಗಾಗಿ ಮೀಸಲು ಎಂದು ಅದರಲ್ಲಿ ಬರೆದಿದೆ. ನಿಮ್ಮ ಊರಿನಲ್ಲಿ ಆ ದಿನ ಯಾವ ವಾರ ಎಂದು ವಿಚಾರಿಸಿ ನೋಡಿ. ನನ್ನ ಬಳಿ ಬರುವ ಹಿರಿಯರಲ್ಲಿ ಅದನ್ನು ಬಲ್ಲವರು ಅಪರೂಪ.

ನನ್ನ ಅಭಿಪ್ರಾಯದಲ್ಲಿ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಗರ್ಭಿಣಿಯರ ಪಟ್ಟಿ ಇರುವಂತೆಯೇ ಪ್ರತಿ ಹಳ್ಳಿಯಲ್ಲೂ ಒಂಟಿಯಾಗಿರುವ ಹಿರಿಯರ ಪಟ್ಟಿ ಇರಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು, ಕಾಯಿಲೆ ಹತೋಟಿಯಲ್ಲಿರುವವರಿಗೆ, ಎರಡು ಮೂರು ತಿಂಗಳಿಗೆ ಆಗುವಷ್ಟು ಒಟ್ಟಿಗೇ, ಊರಿನಲ್ಲೇ ಕೊಡಬೇಕು. ಉಪಕೇಂದ್ರದಲ್ಲಿ ತಿಂಗಳಿಗೊಂದು ಗೊತ್ತಾದ ದಿನ ತಪಾಸಣೆ ನಡೆಯಬೇಕು, ಆ ದಿನ ಬಸ್ಸು ತಪ್ಪಬಾರದು. ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಹೊರೆ ಹೆಚ್ಚಾಗಿದೆ ಎಂಬ ಮಾತು ಸರಿ. ಹೊಸ ಕೆಲಸ ಕೊಡುವುದಾದರೆ ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಬೇಕು. ಪುಕ್ಕಟೆ ಸೇವೆಯಿಂದ ಮುಪ್ಪಿನ ಆರೈಕೆ ನಡೆಯುವುದಿಲ್ಲ.

ಇದೆಲ್ಲ ಮಕ್ಕಳ ಕರ್ತವ್ಯ, ಸರ್ಕಾರಕ್ಕೇಕೆ ಎನ್ನುವವರಿದ್ದಾರೆ. ತಂದೆ ತಾಯಿಯರ ಪೋಷಣೆ ಮಕ್ಕಳ ಹೊಣೆ ಎಂದು 2007ರಲ್ಲಿ ಕಾಯಿದೆಯೇ ಬಂದಿದೆ. ಆದರೆ ಊರು ಬಿಟ್ಟವರೆಲ್ಲ ಕರುಣೆಯಿಲ್ಲದವರಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಹೋಗುವ ಕೂಲಿಯವರಿಗೆ ಊರಿನಲ್ಲಿ ಕೆಲಸವಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮರಳಿ ಬಂದ ಬಹಳಷ್ಟು ಮಂದಿ ಮತ್ತೆ ಹೊರಟದ್ದೂ ಅದಕ್ಕಾಗಿಯೇ. ಹಿರಿಯರನ್ನು ನಗರಕ್ಕೆ ಕರೆದೊಯ್ಯುವುದೂ ಎಲ್ಲರಿಗೂ ಒಗ್ಗುವ ಪರಿಹಾರವಲ್ಲ. ಮೂರನೇ ಮಹಡಿಯ ಮನೆಯಲ್ಲಿ ಮಾತಿಗೊಬ್ಬರಿಲ್ಲದೆ ಸೊರಗಿ, ಊರಿಗೆ ಮರಳಿ ಗೆಲುವಾದವರನ್ನು ನಾನು ಕಂಡಿದ್ದೇನೆ. ದನ ಕರು, ತೋಟ, ದೇವಸ್ಥಾನದ ಕಟ್ಟೆ ಕೂಡ ಅವರ ಆರೋಗ್ಯದ ಭಾಗ.

ನೀವು ಮಾಡಬಹುದಾದದ್ದು

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಿಲ್ಲ. ದೂರದಲ್ಲಿದ್ದೂ ನೀವು ಮಾಡಬಹುದಾದ ಕೆಲಸಗಳಿವೆ.

ಮುಂದಿನ ಸಲ ಊರಿಗೆ ಹೋದಾಗ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಅಪ್ಪ ಅಮ್ಮನ ಜೊತೆ ಒಬ್ಬ ವೈದ್ಯರ ಬಳಿ ಹೋಗಿ. ಇಬ್ಬರು ಮೂವರು ವೈದ್ಯರು ಬರೆದ ಒಂದೇ ಔಷಧಿ ಬೇರೆ ಬೇರೆ ಹೆಸರಿನಲ್ಲಿ ಸೇರಿಕೊಂಡಿರುವುದು ಸಾಮಾನ್ಯ. ಬೇಕಾದ್ದನ್ನು ಮಾತ್ರ ಉಳಿಸಿ, ಹೆಸರು ಮತ್ತು ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಊಟ ಬಿಟ್ಟ ದಿನ ಯಾವ ಮಾತ್ರೆ ನುಂಗಬಾರದು ಎಂಬುದನ್ನು ವೈದ್ಯರಿಂದ ತಿಳಿದು ಅಲ್ಲೇ ಬರೆಯಿರಿ.

ಬಚ್ಚಲಿಗೆ ಹೋಗುವ ದಾರಿಗೆ ಒಂದು ದೀಪ, ಬಚ್ಚಲ ಗೋಡೆಗೆ ಒಂದು ಹಿಡಿ ಹಾಕಿಸಿ. ಮಗುವಿಗೆ ಆಟಿಕೆ ಕೊಳ್ಳುವಷ್ಟೇ ಖರ್ಚು. ಕಣ್ಣಿನ ಪೊರೆ ಇದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಸಕ್ಕರೆ ಕಾಯಿಲೆ ಇದ್ದವರ ಅಂಗಾಲನ್ನು ನೀವೇ ಕೈಯಲ್ಲಿ ಹಿಡಿದು ನೋಡಿ, ನೋವಿಲ್ಲದ ಗಾಯ ಅಲ್ಲಿ ಅಡಗಿರಬಹುದು.

ನೆರೆಮನೆಯ ಒಬ್ಬರ ಬಳಿ ನಿಮ್ಮ ಫೋನ್ ನಂಬರ್ ಮತ್ತು ಮನೆಯ ಇನ್ನೊಂದು ಬೀಗದ ಕೈ ಇರಲಿ. ದಿನಕ್ಕೊಮ್ಮೆ ಬಾಗಿಲು ತೆರೆದಿದೆಯೇ ಎಂದು ನೋಡಲು ಅವರನ್ನು ಕೇಳಿಕೊಳ್ಳಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ, ಎದೆ ಬಿಗಿದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಬೇಕೆಂದು ಅವರಿಗೂ ತಿಳಿಸಿ. ಊರಿನಲ್ಲಿ ರಾತ್ರಿ ಹೊತ್ತು ಗಾಡಿ ತೆಗೆಯುವವರು ಯಾರೆಂದು ವಿಚಾರಿಸಿ, ಅವರ ನಂಬರನ್ನೂ ಗೋಡೆಯ ಮೇಲೆ ಬರೆದಿಡಿ.

ಕೊನೆಯದಾಗಿ ಫೋನಿನ ಮಾತು. "ಅಮ್ಮಾ, ಚೆನ್ನಾಗಿದ್ದೀಯಾ?" ಎಂದು ಕೇಳಿದರೆ ಯಾವ ತಾಯಿಯೂ ಇಲ್ಲವೆನ್ನುವುದಿಲ್ಲ. ನಿಮಗೆ ಯೋಚನೆ ಹತ್ತಬಾರದೆಂದು ಜ್ವರವನ್ನೂ ಮುಚ್ಚಿಡುತ್ತಾರೆ. ಅದರ ಬದಲು, ಮಧ್ಯಾಹ್ನ ಏನು ಅಡಿಗೆ ಮಾಡಿದೆ, ಯಾರ ಮನೆಗೆ ಹೋಗಿದ್ದೆ, ಮಾತ್ರೆ ಇನ್ನೆಷ್ಟು ಉಳಿದಿದೆ ಎಂದು ಕೇಳಿ. ಉತ್ತರ ತಡವರಿಸಿದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ, ಎರಡು ದಿನದಿಂದ ಅಡಿಗೆಯೇ ಆಗಿಲ್ಲವೆಂದು ತಿಳಿದರೆ, ಹಬ್ಬದವರೆಗೆ ಕಾಯಬೇಡಿ. ರಜೆ ಹಾಕಿ ಒಮ್ಮೆ ಹೋಗಿ ಬನ್ನಿ.