ಮೂತ್ರಪಿಂಡ ಕಸಿಯ ನಂತರದ ಹೊಣೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಸದ್ಗುಣಗಳಲ್ಲಿ ಆಪತ್ಕಾಲದ ಔದಾರ್ಯವು ಮುಖ್ಯವಾದುದು. ಮುಂಬಯಿಯ ಯಾವುದೇ ಉಪನಗರದಲ್ಲಿ ನಮ್ಮವರೊಬ್ಬರಿಗೆ ಮೂತ್ರಪಿಂಡದ ಕಸಿ ಆಗಬೇಕಾಗಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ಹೋಟೆಲು ಮಾಲೀಕರಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ಎಲ್ಲರೂ ಯಥಾಶಕ್ತಿ ಹಣ ಕೂಡಿಸುತ್ತಾರೆ. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೆಂದು ತಿಳಿದಾಗ ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಆ ಸಮಾಧಾನದೊಡನೆ ನಮ್ಮ ನೆರವಿನ ಖಾತೆಯೂ ಮುಚ್ಚಿಹೋಗುತ್ತದೆ. ರೋಗಿಗೆ ನಮ್ಮ ನೆರವು ಹೆಚ್ಚು ಅವಶ್ಯವಾಗುವುದು ಅನಂತರದ ದಿನಗಳಲ್ಲಿಯೇ ಎಂದು ಈ ಲೇಖನದಲ್ಲಿ ನಿವೇದಿಸಬಯಸುತ್ತೇನೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವವನು. ಆದುದರಿಂದ ವಿಷಯವನ್ನು ಲೆಕ್ಕಿಗನ ದೃಷ್ಟಿಯಿಂದಲೇ ನೋಡಿದ್ದೇನೆ.

1954ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರು ನಡೆಸಿದ ಕಸಿಯು ಮೊದಲನೆಯ ಯಶಸ್ವೀ ಮೂತ್ರಪಿಂಡ ಕಸಿ. ಕೊಟ್ಟವನೂ ಪಡೆದವನೂ ಒಂದೇ ಹೋಲಿಕೆಯ ಅವಳಿ ಸೋದರರಾಗಿದ್ದರಿಂದ ಪಡೆದವನ ದೇಹವು ಆ ಅಂಗವನ್ನು ಪರಕೀಯವೆಂದು ಎಣಿಸಲಿಲ್ಲ. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ಚಿಕಿತ್ಸೆ ಸಫಲವಾಯಿತು. ಅವಳಿಗಳಲ್ಲದ ಉಳಿದವರ ಪಾಲಿಗೆ ಕಸಿ ಸಾಧ್ಯವಾಗಿರುವುದು ಔಷಧಿಗಳ ಬಲದಿಂದ. ಸ್ಟೆರಾಯಿಡ್, ಅಜಥಯೋಪ್ರಿನ್‌ಗಳ ತರುವಾಯ 1980ರ ದಶಕದಲ್ಲಿ ಸೈಕ್ಲೊಸ್ಪೋರಿನ್, 1990ರ ದಶಕದಲ್ಲಿ ಟ್ಯಾಕ್ರೊಲಿಮಸ್ ಮತ್ತು ಮೈಕೊಫಿನೊಲೇಟ್ ಬಳಕೆಗೆ ಬಂದವು. ಕಸಿಯಾದ ಅಂಗವು ಕೆಲಸ ಮಾಡುತ್ತಿರುವಷ್ಟು ಕಾಲವೂ ಇಂಥ ಔಷಧಿಗಳನ್ನು ದಿನವೂ ನಿಗದಿತ ವೇಳೆಗೆ ಸೇವಿಸಬೇಕು.

ಈ ಔಷಧಿಗಳು ಮಾಡುವ ಕೆಲಸವೆಂದರೆ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದು. ಹೊಸ ಅಂಗದ ಮೇಲೆ ಕೈಮಾಡದಂತೆ ಕಾವಲುಗಾರನನ್ನು ತಡೆದರೆ, ಆತ ಕಳ್ಳರನ್ನೂ ತಡೆಯಲಾರದೆ ಹೋಗುತ್ತಾನೆ. ಹಾಗೆ ನುಗ್ಗುವ ಸೋಂಕಿಗೆ ಶ್ವಾಸಕೋಶವು ಒಂದು ಹೆಬ್ಬಾಗಿಲು, ಏಕೆಂದರೆ ಹೊರಗಿನ ಗಾಳಿಯೊಡನೆ ಅದರ ವ್ಯವಹಾರ ಎಡೆಬಿಡದೆ ನಡೆಯುತ್ತಿರುತ್ತದೆ. ಮೊದಲ ತಿಂಗಳಿನಲ್ಲಿ ಆಸ್ಪತ್ರೆಯಲ್ಲಿಯೇ ತಗಲುವ ಸೋಂಕುಗಳ ಭಯ. ಅನಂತರ ಸುಮಾರು ಆರು ತಿಂಗಳವರೆಗೆ ಔಷಧಿಗಳ ಪ್ರಭಾವ ಗಾಢವಾಗಿರುವುದರಿಂದ ನ್ಯುಮೊಸಿಸ್ಟಿಸ್, ಸೈಟೊಮೆಗಲೊ ವೈರಸ್, ಆಸ್ಪರ್ಜಿಲ್ಲಸ್ ಶಿಲೀಂಧ್ರ ಮೊದಲಾದವುಗಳ ಸರದಿ. ಆಮೇಲೂ ಸಾಮಾನ್ಯ ನ್ಯುಮೋನಿಯಾ, ಇನ್‌ಫ್ಲುಯೆಂಜಾಗಳ ಅಪಾಯ ಉಳಿದೇ ಇರುತ್ತದೆ. ನಮ್ಮ ದೇಶದಲ್ಲಿ ಇವೆಲ್ಲಕ್ಕೂ ಮಿಗಿಲಾಗಿ ಕ್ಷಯವಿದೆ. ಎಂದೋ ತಗಲಿ ಅಡಗಿಕೊಂಡಿದ್ದ ಕ್ಷಯಾಣುವು ನಿರೋಧಶಕ್ತಿ ಕುಂದಿದಾಗ ತಲೆಯೆತ್ತುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬಹುದು: ಕಾಯಿಲೆ ಶ್ವಾಸಕೋಶದ್ದಾದರೆ ಮೂತ್ರಪಿಂಡಕ್ಕೇಕೆ ಆಪತ್ತು? ಸೋಂಕು ಉಲ್ಬಣಿಸಿ ರಕ್ತದೊತ್ತಡ ಕುಸಿದರೆ ಕಸಿಯಾದ ಮೂತ್ರಪಿಂಡಕ್ಕೆ ರಕ್ತ ಸಾಲದೆ ಅದು ಪೆಟ್ಟು ತಿನ್ನುತ್ತದೆ. ಸೋಂಕನ್ನು ಗೆಲ್ಲಲೆಂದು ವೈದ್ಯರು ನಿರೋಧಶಕ್ತಿ ತಗ್ಗಿಸುವ ಔಷಧಿಗಳನ್ನು ಕಡಿಮೆ ಮಾಡಿದರೆ, ದೇಹವು ಕಸಿಯನ್ನೇ ತಿರಸ್ಕರಿಸುವ ಸಂಭವವಿರುತ್ತದೆ. ಇನ್ನು ಚಿಕಿತ್ಸೆಯ ಔಷಧಿಗಳಿಂದಲೂ ತೊಡಕುಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ರಕ್ತದಲ್ಲಿನ ಟ್ಯಾಕ್ರೊಲಿಮಸ್ ಪ್ರಮಾಣವನ್ನು ಬಹಳ ಇಳಿಸುತ್ತದೆ. ಕ್ಲಾರಿಥ್ರೊಮೈಸಿನ್ ಮತ್ತು ಕೆಲವು ಶಿಲೀಂಧ್ರನಾಶಕಗಳು ಅದನ್ನು ಏರಿಸುತ್ತವೆ. ಇಳಿದರೆ ತಿರಸ್ಕಾರದ ಭಯ, ಏರಿದರೆ ಮೂತ್ರಪಿಂಡಕ್ಕೆ ವಿಷ. ಆಂಫೊಟೆರಿಸಿನ್, ಅಮಿಕಾಸಿನ್‌ಗಳು ನೇರವಾಗಿಯೇ ಮೂತ್ರಪಿಂಡವನ್ನು ನೋಯಿಸಬಲ್ಲವು.

ನಮ್ಮ ಉಪನಗರದ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಕುಂದಾಪುರದ ಕಡೆಯ ತರುಣನೊಬ್ಬನಿಗೆ ತಾಯಿಯೇ ಮೂತ್ರಪಿಂಡ ಕೊಟ್ಟಿದ್ದರು. ಶಸ್ತ್ರಚಿಕಿತ್ಸೆಯ ಖರ್ಚನ್ನು ಬಂಧುಮಿತ್ರರು ಭರಿಸಿದರು. ಎಂಟನೆಯ ತಿಂಗಳಿನಲ್ಲಿ ಒಣಕೆಮ್ಮು ಆರಂಭವಾಯಿತು. ಜ್ವರ ಅಷ್ಟಾಗಿ ಇರಲಿಲ್ಲ. ಸ್ಟೆರಾಯಿಡ್ ಸೇವಿಸುವವರಲ್ಲಿ ಸೋಂಕು ಬಲವಾಗಿದ್ದರೂ ಜ್ವರ ಅಲ್ಪವಾಗಿರಬಹುದೆಂಬುದು ಆತನಿಗೆ ತಿಳಿಯದು. ಆಸ್ಪತ್ರೆಗೆ ಹೋದರೆ ಎಕ್ಸ್‌ರೇ, ಸ್ಕ್ಯಾನ್, ರಕ್ತಪರೀಕ್ಷೆ ಎಂದು ಕೈ ಬರಿದಾಗುವುದೆಂದು ಹೆದರಿ ಔಷಧಿ ಅಂಗಡಿಯಿಂದ ಕೆಮ್ಮಿನ ಔಷಧಿಯನ್ನೂ ಮೈಕೈ ನೋವಿನ ಮಾತ್ರೆಯನ್ನೂ ತಂದು ಹತ್ತು ದಿನ ತಳ್ಳಿದ. ಅಂಥ ನೋವಿನ ಮಾತ್ರೆಗಳಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳು ಕಸಿಯಾದವರಿಗೆ ವರ್ಜ್ಯ. ಕೊನೆಗೆ ಉಸಿರು ಕಟ್ಟಿ ಆಸ್ಪತ್ರೆ ಸೇರಿದಾಗ ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ, ಕ್ರಿಯಾಟಿನಿನ್ ಮೂರು ಪಟ್ಟು. ಕೆಲವು ವಾರ ಮತ್ತೆ ಡಯಾಲಿಸಿಸ್ ಆಯಿತು. ಜೀವ ಉಳಿಯಿತು, ಮೂತ್ರಪಿಂಡ ಮಾತ್ರ ಮೊದಲಿನಂತಾಗಲಿಲ್ಲ. ಕೆಮ್ಮಿನ ಮೊದಲ ದಿನವೇ ಪರೀಕ್ಷೆಗೆ ನಾಲ್ಕಾರು ಸಾವಿರ ರೂಪಾಯಿ ಕೈಯಲ್ಲಿದ್ದಿದ್ದರೆ ಇಷ್ಟು ದೂರ ಹೋಗಬೇಕಾಗಿರಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ತಾಯಿಯಲ್ಲಿ ಎರಡನೆಯ ಸಲ ಕೊಡಲು ಮತ್ತೊಂದು ಮೂತ್ರಪಿಂಡವಿಲ್ಲ.

ವಾಣಿಜ್ಯಶಾಸ್ತ್ರದಲ್ಲಿ ಬಂಡವಾಳ ವೆಚ್ಚ, ಆವರ್ತಕ ವೆಚ್ಚ ಎಂಬ ಭೇದವಿದೆ. ಯಂತ್ರವನ್ನು ಕೊಂಡು ಅದರ ನಿರ್ವಹಣೆಗೆ ಹಣವಿಡದ ಉದ್ಯಮಿಯನ್ನು ನಾವು ವಿವೇಕಿಯೆನ್ನುವುದಿಲ್ಲ. ಕಸಿಯ ವಿಷಯದಲ್ಲಿ ಸಮಾಜವು ಹೀಗೆಯೇ ನಡೆದುಕೊಳ್ಳುತ್ತಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯ ವರ್ಷಕ್ಕೆ 5 ಲಕ್ಷ ರೂಪಾಯಿಗಳ ರಕ್ಷಣೆಯು ಪ್ರಧಾನವಾಗಿ ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಖಾಸಗಿ ವಿಮೆಯೂ ಸಾಮಾನ್ಯವಾಗಿ ಬಿಡುಗಡೆಯ ನಂತರ 60 ಅಥವಾ 90 ದಿನಗಳ ವೆಚ್ಚ ಕೊಟ್ಟು ನಿಲ್ಲುತ್ತದೆ. ಕ್ಷಯಕ್ಕೆ ಸರಕಾರದ ಔಷಧಿ ಉಚಿತ. ಪೋಷಣೆಗೆಂದು 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿಯೂ ಉಂಟು. ಉಳಿದ ಭಾರ ಬಹುಮಟ್ಟಿಗೆ ರೋಗಿಯ ಮನೆಯದು.

ಈ ಕಾರಣದಿಂದ ನನ್ನ ಸೂಚನೆ ಇಷ್ಟು. ಕಸಿಗಾಗಿ ಕೂಡಿಸಿದ ಹಣದಲ್ಲಿ ಮೂರರಲ್ಲೊಂದು ಪಾಲನ್ನು ಠೇವಣಿಯಾಗಿರಿಸಿ, ಔಷಧಿಗೂ ಪರೀಕ್ಷೆಗೂ ತಿಂಗಳು ತಿಂಗಳು ದೊರೆಯುವಂತೆ ಮಾಡಬೇಕು. ವರ್ಷಕ್ಕೊಮ್ಮೆ ಇನ್‌ಫ್ಲುಯೆಂಜಾ ಲಸಿಕೆ, ವೈದ್ಯರು ಹೇಳಿದಂತೆ ನ್ಯುಮೊಕಾಕಸ್ ಲಸಿಕೆ, ಇವುಗಳ ವೆಚ್ಚವನ್ನು ಸಂಘವೇ ವಹಿಸಬಹುದು. ಕಸಿಯಾದವರ ಮನೆಗೆ ವಾರಕ್ಕೊಮ್ಮೆ ದೂರವಾಣಿ ಮಾಡಿ ಕೆಮ್ಮು, ಜ್ವರ, ಏದುಸಿರು, ಮೂತ್ರ ಕಡಿಮೆಯಾಗುವುದು ಇವುಗಳ ಬಗ್ಗೆ ವಿಚಾರಿಸುವ ಸ್ವಯಂಸೇವಕರೊಬ್ಬರಿರಲಿ. ಒಂದು ಲಕ್ಷಣ ಕಂಡರೂ ಅದೇ ದಿನ ಕಸಿ ಮಾಡಿದ ಆಸ್ಪತ್ರೆಗೆ ಕರೆದೊಯ್ಯಬೇಕು. ಸಹೃದಯಿ ಮಾಲೀಕರು ಇಂಥ ನೌಕರರಿಗೆ ಲೋಕಲ್ ಗಾಡಿಯ ನೂಕುನುಗ್ಗಲು ತಪ್ಪುವಂತೆ ಕೆಲಸದ ವೇಳೆ ಬದಲಿಸಿಕೊಡಲಿ. ಪಾರಿವಾಳಗಳ ಹಿಕ್ಕೆಯಲ್ಲಿಯೂ ಕಟ್ಟಡ ಕೆಡಹುವ ಧೂಳಿನಲ್ಲಿಯೂ ಅಪಾಯಕಾರಿ ಶಿಲೀಂಧ್ರಗಳಿರುವುದರಿಂದ, ಕಿಟಕಿಗೆ ಬಲೆ ಹಾಕಿಸುವಂಥ ಸಣ್ಣ ಉಪಕಾರವೂ ದೊಡ್ಡದೇ.

ಸಂಘದ ನಿಧಿ ಪರಿಮಿತವಾದುದು, ಒಬ್ಬರಿಗೆ ವರ್ಷಗಟ್ಟಲೆ ಕೊಟ್ಟರೆ ಇತರರ ಗತಿಯೇನು ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದುದೇ. ಆದರೆ ಲಕ್ಷಗಳನ್ನು ವೆಚ್ಚಮಾಡಿ, ಒಬ್ಬ ತಾಯಿಯ ಅಂಗವನ್ನೂ ಪಡೆದು, ಸಾವಿರಗಳ ಕೊರತೆಯಿಂದ ಅದನ್ನು ಕಳೆದುಕೊಳ್ಳುವುದು ಮಿತವ್ಯಯವೆನಿಸದು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ಸೂಚನೆಯನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿಯೂ ಸದಸ್ಯ ಬಾಂಧವರಲ್ಲಿಯೂ ವಿನಂತಿಸುತ್ತೇನೆ.